ಹದಿನೆಂಟು ಹಲ್ಲು

ಮುಳ್ಳು ಎಂಬತ್ತು ದಾಟಿಲ್ಲ ಸಾಹೇಬ್ರೆ,
ಬೇಕಾದ್ರ ಭೀಮಾ ನೀರು ಮುಟ್ಟಿ ಹೇಳ್ತೀನಿ,
ಅಂದೆ ಹುಮನಾಬಾದ್ ರಸ್ತಾದಾಗ.
ಅವರ ಕೈಯಾಗಿನ ಡಬ್ಬಿ ಎಂಬತ್ತೆಂಟು ಅಂದಿತ್ತು.
ಚೀಟಿ ಹರದು ಕೊಟ್ರು.
ಇಬ್ಬರೂ ಸುಳ್ಳು ಹೇಳಿರಲಿಲ್ಲ.
ನನ್ನ ನಿದ್ದಿ ಕೆಡಿಸಿದ್ದು ಅದೇ.

ಆಳಂದ ನಾಕಾದ ಲಾಡ್ಲೆಸಾಬ
ಬಾನೆಟ್ಟು ಎತ್ತಲೇ ಇಲ್ಲ.
ಗಾಲಿ ನೋಡಿದ, ನನ್ನ ನೋಡಿದ.
"ಇವು ಯಾವಾಗ ಹಾಕ್ಸಿದಿ ಭೀಮಶ್ಯಾ?"

ಹೋದ ವರ್ಷ, ಮಳಿ ಹಿಡದಾಗ.
ಎರಿ ಮಣ್ಣು ಗೊತ್ತಲ್ಲ,
ಒಣಗಿದಾಗ ಕಾಲು ನುಂಗೋ ಬಿರುಕು,
ತೊಯ್ದಾಗ ಮಾತು ಮುಗಿಸದ ಬೀಗರಂಗ
ಹೊಂಟವನ ಕಾಲು ಬಿಡಂಗಿಲ್ಲ.
ದನದ ಡಾಕ್ಟರು ಜಗದೇವಿ ಮೇಡಂ ಹಿಂದಿನ ಸೀಟಿನಾಗ,
ತೊಡಿ ಮ್ಯಾಲ ಔಷಧದ ಐಸ್ ಡಬ್ಬಿ,
ಹೊಲದ ಆಚಿ ತುದಿಗಿ ಎಮ್ಮಿ ಒಂದು,
ಹೊಟ್ಟ್ಯಾಗ ಕರು ಅಡ್ಡಾಗಿ ಒದ್ದಾಡ್ಲತ್ತಿತ್ತು.
ನಾಕೂ ಗಾಲಿ ತಿರುಗಿದ್ವು, ಜೀಪು ನಿಂತಲ್ಲೇ.
ಮೇಡಂ ನಡದೇ ಹೋದ್ರು,
ಚಪ್ಪಲಿ ಕೈಯಾಗ ಹಿಡ್ಕೊಂಡು.
ಮರುವಾರ ನಾ ಎತ್ತರದ ಗಾಲಿ ಹಾಕ್ಸಿದೆ.

ಸ್ಟೆಪ್ನಿ ಇನ್ನೂ ಹಳೇದೇ ಇತ್ತು.
ಲಾಡ್ಲೆಸಾಬ ಅದನ್ನ ಇಳಿಸಿ, ಸೀಮಿಸುಣ್ಣದ ಗೆರಿ ಎಳದು
ಶಹಾಬಾದಿ ಪರಸಿ ಮ್ಯಾಲ ಒಂದು ಸುತ್ತು ಉರುಳಿಸಿದ.
ಏಳು ಫೂಟು ನಾಕು ಇಂಚು.
ಹೊಸದು ಎಂಟು ಫೂಟು, ಮ್ಯಾಲ ಒಂದೂವರಿ ಇಂಚು.
"ಮೀಟರಿಗಿ ಕಣ್ಣಿಲ್ಲಪಾ," ಅಂದ,
"ಅದು ದಾರಿ ನೋಡಂಗಿಲ್ಲ, ಸುತ್ತು ಎಣಸ್ತದ.
ನೀ ದೊಡ್ಡ ಹೆಜ್ಜಿ ಇಡ್ಲತ್ತಿ.
ಅದಕ ಯಾರೂ ಹೇಳಿಲ್ಲ."

ಜೀಪಿನ ಕೆಳಗ ಮಲಗಿದ.
ಗೇರ್ ಪೆಟ್ಟಿಗಿ ಹಿಂದ, ಕೇಬಲ್ಲಿನ ಬುಡದಾಗ,
ಎಣ್ಣಿ ಕುಡದು ಹಳದಿ ಆದ ಪ್ಲಾಸ್ಟಿಕ್ ಗೇರು,
ಬಾರಿಹಣ್ಣಿನಷ್ಟು.
ಇಪ್ಪತ್ತು ಹಲ್ಲು.
ಪೊಲೀಸರ ಮುಂದ ನನ್ನ ಕೈಲಿ
ಆಣಿ ಮಾಡಿಸಿದ್ದು ಇದು.
ಹದಿನೆಂಟು ಹಲ್ಲಿನದು ಅಂಗಡ್ಯಾಗ ಸಿಗಲಿಲ್ಲ,
ಮೂರು ದಿನ ಅಲದು ಗುಜರಿ ಜೀಪಿನಿಂದ ಕಿತ್ತು ತಂದ.
"ಹಲ್ಲು ಕಡಿಮಿ ಆದಷ್ಟು ಬಾಯಿ ಜೋರು," ಅಂತ ನಕ್ಕ.
ಅವನಿಗೂ ಮುಂದಿನ ಎರಡು ಇಲ್ಲ.

ಜೇವರ್ಗಿ ರಸ್ತಾ, ಹಳದಿ ತಲಿಯ ಕಲ್ಲುಗಳು.
ಫರಹತಾಬಾದ್ ದಾಟಿ ಅಂಕಿ ಬರಕೊಂಡು ಹೊರಟ್ವಿ.
ಮೇಡಂ ಎಣಿಸಿದ್ರು.
ನಾಕನೇ ಕಲ್ಲಿನ ಮಾರಿ ಕಾಣಲಿಲ್ಲ,
ಯಾರೋ ಅದರ ಮ್ಯಾಲ ಕುಳ್ಳು ತಟ್ಟಿದ್ರು.
ಹತ್ತನೇದು ಬಂತು, ನದಿ ಕಾಣೋ ಇಳುಕಲದಾಗ.
ಮೀಟರು ಹತ್ತು ತೋರಿಸಿ
ಒಂದು ಕೂದಲೆಳಿ ಮುಂದ ಹೋಗಿತ್ತು.

ಖುಷಿ ಆಗಬೇಕಿತ್ತು ನನಗ.
ಮೇಡಂ ಲಾಗ್ ಬುಕ್ಕಿನ ಹಿಂದಿನ ಹಾಳಿ ತಿರುವಿದ್ರು.
ಹನ್ನೊಂದು ಸಾವಿರ ಬರದೀವಿ, ಅಂದ್ರು,
ಓಡಿದ್ದು ಹನ್ನೆರಡು ಸಾವಿರದ ನೂರಾ ಎಂಬತ್ತು.
ಕಿಲೋಮೀಟರಿಗಿ ಹದಿನಾಲ್ಕು ರೂಪಾಯಿ ಹಿಡದ್ರ...
ಮುಂದ ಹೇಳಲಿಲ್ಲ, ಪೆನ್ನಿನ ಟೊಪ್ಪಿಗಿ ಕಚ್ಚಿದ್ರು.
ಸಹಿ ಆಗ್ಯಾದ, ಬಿಲ್ಲು ಪಾಸಾಗ್ಯಾದ.
ಆಫೀಸಿನಾಗ ಬರದದ್ದೇ ಓಡಿದ್ದು.

ಅಂದ್ರ ಹನ್ನೊಂದು ನೂರಾ ಎಂಬತ್ತು ಕಿಲೋಮೀಟರು
ನಾ ಎಲ್ಲೂ ಹೋಗೇ ಇಲ್ಲ.
ಯಾವು ಅವು?
ಅಫಜಲಪುರದ ಕುರಿ ಹಟ್ಟಿಯ ನಡುರಾತ್ರಿನಾ?
ನಾವು ಮುಟ್ಟೋದ್ರಾಗ ಸತ್ತಿದ್ದ ಹೋರಿಗಂತ
ಸುಮ್ನೆ ಹೋಗಿ ಬಂದದ್ದಾ?
ತೊಗರಿ ಹೊಲದ ಹಾದ್ಯಾಗ ಮೇಡಂ ನಿದ್ದಿ ಹೋಗಿ
ತಲಿ ಕಂಬಿಗಿ ಬಡದು
"ಏನಾಗಿಲ್ಲ, ನಡಿ" ಅಂದದ್ದಾ?
ಎಲ್ಲಾ ದಾರಿಯಾಗೂ ಇಷ್ಟಿಷ್ಟು ಉದುರ್ಯಾವ,
ತೂತು ಬಿದ್ದ ಚೀಲದ ಜ್ವಾಳ.

ಮೇಡಂ ಮತ್ತೊಂದು ಲೆಕ್ಕ ಹಾಕಿದ್ರು.
ಈ ಗೇರು ಹತ್ತು ಕಿಲೋಮೀಟರಿಗಿ
ಮೂವತ್ತಾರು ಮೀಟರು ಹೆಚ್ಚಿಗಿ ಬರೀತದ, ನಿನ್ನ ಪಾಲಿಗಿ.
ಬಾಕಿ ಮುಟ್ಟಬೇಕಂದ್ರ
ಇನ್ನ ಮೂರು ಲಕ್ಷ ಇಪ್ಪತ್ತೆಂಟು ಸಾವಿರ ಓಡಬೇಕು.
ಅಷ್ಟು ದಿನ ಈ ಜೀಪು ಇರಂಗಿಲ್ಲ.
ನನ್ನ ಬಗ್ಗೆ ಅವರು ಏನೂ ಅನ್ನಲಿಲ್ಲ.

ಫೋನು ಬಂತು.
ಹೊಟ್ಟಿ ಉಬ್ಬಿ ಆಕಳು ಬಿದ್ದದಂತ.
"ಎಷ್ಟು ದೂರ ಆಗ್ತದ ಭೀಮಶ್ಯಾ?"
ಕಲ್ಲಿಲ್ಲದ ಹಾದಿ ರೀ ಅದು, ಅಂದೆ.
ಮೇಡಂ ಅಂಕಿ ಬರಕೊಂಡ್ರು.